ನಾಲ್ಕು ತಾಲೂಕುಗಳಲ್ಲಿ ಕೆಲಸ ಕೊಟ್ಟವರು: ಒಂದು ಐತಿಹಾಸಿಕ ವಿವೇಚನೆ

ಜನಬಾಹುಳ್ಯವುಳ್ಳ ದೇಶವೊಂದರಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಡುವವರು ಯಾರು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಸಂಸ್ಥೆಗಳ ಪಟ್ಟಿಯೇ ಆಗಿರುತ್ತದೆ. 2022ರಲ್ಲಿ ಪ್ರಕಟವಾದ ಇಂಥದೊಂದು ಜಾಗತಿಕ ಗಣನೆಯಲ್ಲಿ ಭಾರತದ ರಕ್ಷಣಾ ಸಚಿವಾಲಯವು ಸುಮಾರು 29 ಲಕ್ಷ ಜನರೊಡನೆ ಮೊದಲ ಸ್ಥಾನವನ್ನು ಪಡೆದಿತ್ತು. ರೈಲ್ವೆಯ ನೌಕರರ ಸಂಖ್ಯೆಯೂ ಹತ್ತು ಲಕ್ಷವನ್ನು ಮೀರಿದುದಾಗಿದೆ. ಆದರೆ 2011ರ ಜನಗಣತಿಯ ಪ್ರಕಾರ ದೇಶದ ದುಡಿಯುವವರ ಸಂಖ್ಯೆ 48 ಕೋಟಿಗೂ ಹೆಚ್ಚು. ಅವರಲ್ಲಿ 26 ಕೋಟಿಗೂ ಮಿಕ್ಕಿದವರು ಸಾಗುವಳಿದಾರರು ಮತ್ತು ಕೃಷಿಕೂಲಿಗಳು. ಅಂದ ಮೇಲೆ ಪಟ್ಟಿಯಲ್ಲಿ ಹೆಸರಿಲ್ಲದ ಉದ್ಯೋಗದಾತನೇ ಎಲ್ಲರಿಗಿಂತ ದೊಡ್ಡವನೆಂದಾಯಿತು. ಈ ಮಾತನ್ನು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಇತಿಹಾಸದಲ್ಲಿಟ್ಟು ಪರೀಕ್ಷಿಸುವುದು ನಮ್ಮ ಉದ್ದೇಶ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಇವು ಅಂದಿನಿಂದ ಹಾವೇರಿ ಜಿಲ್ಲೆಯಲ್ಲಿವೆ.

ಶಾಸನಗಳ ಕಾಲದಲ್ಲಿ ಈ ಸೀಮೆಯು ಪಾನುಂಗಲ್ಲು ಐನೂರು ಎಂಬ ವಿಭಾಗದಿಂದಲೂ ಬಂಕಾಪುರದಿಂದಲೂ ಪ್ರಸಿದ್ಧವಾಗಿತ್ತು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ನಗರೇಶ್ವರ, ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯಗಳು ಕಲ್ಲುಕುಟಿಗರ ದುಡಿಮೆಗೆ ಇಂದಿಗೂ ಸಾಕ್ಷಿಯಾಗಿವೆ. ದೇಗುಲಕ್ಕಿಂತಲೂ ಹೆಚ್ಚು ಕೈಗಳನ್ನು ಬೇಡುತ್ತಿದ್ದುದು ಕೆರೆ. ಹಾನಗಲ್ಲಿನ ಆನೆಕೆರೆ, ಹಿರೇಕೆರೂರು ತಾಲೂಕಿನಲ್ಲಿ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ ಮಾಸೂರಿನ ಕೆರೆ ಇವು ಪ್ರಸಿದ್ಧ ನಿದರ್ಶನಗಳು; ಹಿರೇಕೆರೂರೆಂಬ ಹೆಸರಿನಲ್ಲಿಯೇ ಕೆರೆಯಿದೆ. ಕೆರೆಯನ್ನು ಕಟ್ಟಿದವರಿಗೆ ಮತ್ತು ಅದರ ಕಾಪಾಡಿಕೆಗೆ ಬಿಡುತ್ತಿದ್ದ ಭೂಮಿಯನ್ನು ಕನ್ನಡ ನಾಡಿನ ಶಾಸನಗಳು ಕಟ್ಟುಗೊಡಗೆ, ಬಿತ್ತುವಟ್ಟ ಮೊದಲಾದ ಹೆಸರುಗಳಿಂದ ಕರೆದಿವೆ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಶಾಸನವು ದಾನಿಯ ಹೆಸರನ್ನು ಬರೆಯಿತು. ಮಣ್ಣು ಹೊತ್ತವರ ಹೆಸರನ್ನು ಬರೆಯಲಿಲ್ಲ. ಕೆಲಸಗಾರನನ್ನು ಬಿಟ್ಟು ಕೆಲಸ ಕೊಟ್ಟವನನ್ನು ಎಣಿಸುವ ಪದ್ಧತಿ ಇಂದಿನ ಪಟ್ಟಿಗಳಿಗಿಂತ ಬಹು ಹಳೆಯದು.

ಅನಂತರದ ಶತಮಾನಗಳಲ್ಲಿ ಗ್ರಾಮವೇ ಒಂದು ಉದ್ಯೋಗವ್ಯವಸ್ಥೆಯಾಗಿ ನಿಂತಿತು. ಗೌಡ, ಕುಲಕರ್ಣಿ, ತಳವಾರ, ವಾಲೀಕಾರ ಇವರಿಗೆ ವತನದ ಭೂಮಿ. ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು. ಈ ವ್ಯವಸ್ಥೆಯಲ್ಲಿ ಕೆಲಸವು ಭದ್ರವಾಗಿತ್ತು. ಆದರೆ ಆ ಭದ್ರತೆಗೆ ತೆತ್ತ ಬೆಲೆ ಜಾತಿಯ ಕಟ್ಟು. ತಂದೆಯ ಕೆಲಸ ಮಗನಿಗೆ ತಪ್ಪುತ್ತಿರಲಿಲ್ಲ. ಅದನ್ನು ಬಿಡುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲ. ನವಾಬರ ಆಳಿಕೆಯಲ್ಲಿದ್ದ ಸವಣೂರಿನಲ್ಲಿ ಆಸ್ಥಾನವೊಂದಿತ್ತು. ಆ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಸ್ಥಾನ ಹೋದರೂ ಸವಣೂರಿನ ಹೆಸರನ್ನು ಉಳಿಸಿದ್ದು ವೀಳ್ಯದೆಲೆಯ ತೋಟ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ರದ್ದುಗೊಳಿಸಿತು. ಅದು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು.

ಸರಕಾರವು ಸಾಮಾನ್ಯ ರೈತನಿಗೆ ನೇರವಾಗಿ ಕೂಲಿ ಕೊಡುವ ಧಣಿಯಾಗಿ ಕಾಣಿಸಿಕೊಂಡದ್ದು 1876-78ರ ಬರಗಾಲದಲ್ಲಿ. ಧಾರವಾಡ ಜಿಲ್ಲೆಯೂ ಅದಕ್ಕೆ ತುತ್ತಾಗಿತ್ತು. ಬರಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆದು, ಮಣ್ಣು ಹೊತ್ತು ಜನ ಜೀವ ಹಿಡಿದರು. 1877ರ ಆರಂಭದಲ್ಲಿ ಭಾರತ ಸರಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ, ಧಾನ್ಯ ಹಾಗೂ ಅಲ್ಪ ಹಣ ಸಾಕೆಂಬ ನೀತಿಯನ್ನು ಎತ್ತಿಹಿಡಿದನು. ಆಗ ಮುಂಬಯಿ ಪ್ರಾಂತದ ಹಲವೆಡೆ ಕೂಲಿಕಾರರು ಕೆಲಸವನ್ನೇ ತೊರೆದು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಮನವಿ ಸಲ್ಲಿಸಿತು. ಹಸಿದವನು ಕೂಡ ಕೂಲಿಯ ದರವನ್ನು ಪ್ರಶ್ನಿಸಬಲ್ಲನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆ ಬರದ ಅನುಭವದಿಂದ 1880ರ ಕ್ಷಾಮ ಆಯೋಗವೂ ಅದರ ಬೆನ್ನಲ್ಲಿಯೇ ಕ್ಷಾಮಸಂಹಿತೆಗಳೂ ಹುಟ್ಟಿದವು.

ಸದರ್ನ್ ಮರಾಠಾ ರೈಲ್ವೆಯ ಹಿಂದೆಯೂ ಕ್ಷಾಮರಕ್ಷಣೆಯ ವಿಚಾರವಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹಾವೇರಿಯ ಮೂಲಕ ಹರಿಹರದತ್ತ ಸಾಗಿದ ಹಳಿಗಳು ಹಾನಗಲ್ಲನ್ನಾಗಲಿ ಹಿರೇಕೆರೂರನ್ನಾಗಲಿ ಮುಟ್ಟಲಿಲ್ಲ. ರೈಲ್ವೆಯ ಕಾರ್ಖಾನೆ ಬೆಳೆದುದು ಹುಬ್ಬಳ್ಳಿಯಲ್ಲಿ. ಅಲ್ಲಿ ಕೆಲಸ ಹಿಡಿಯಬೇಕಾದರೆ ಊರು ಬಿಡಬೇಕಾಗಿತ್ತು. ಹೀಗಾಗಿ ದೇಶದ ದೊಡ್ಡ ಉದ್ಯೋಗದಾತನು ಈ ನಾಲ್ಕು ತಾಲೂಕುಗಳಿಗೆ ಹತ್ತಿರದಲ್ಲಿದ್ದೂ ದೂರದವನಾಗಿಯೇ ಉಳಿದನೆಂದು ಹೇಳಬಹುದು.

ಇತ್ತ ಭೂಮಿಯ ಮೇಲಿನ ದುಡಿಮೆಯ ಸ್ವರೂಪವೂ ಮಾರ್ಪಟ್ಟಿತು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿಯ ತಳಿಯು ಬಿಡುಗಡೆಯಾಯಿತು. ಇಂಥ ಸಂಕರ ತಳಿಯ ಬೀಜವು ಯಂತ್ರದಿಂದ ಬರುವಂಥದಲ್ಲ; ಒಂದೊಂದು ಹೂವಿನ ಕೇಸರಗಳನ್ನೂ ಕೈಯಿಂದ ತೆಗೆದು, ಮರುದಿನ ಬೇರೆ ಗಿಡದ ಪರಾಗವನ್ನು ಸವರಬೇಕು. ಹಿರೇಕೆರೂರು, ರಾಣೇಬೆನ್ನೂರು ಭಾಗಗಳಲ್ಲಿ ಬೀಜೋತ್ಪಾದನೆ ಬೆಳೆದಂತೆ ಈ ನಾಜೂಕಿನ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿಗೆ ಬಂದಿತು. ಬೀಜದ ಚೀಲದ ಮೇಲೆ ಕಂಪನಿಯ ಹೆಸರಿರುತ್ತದೆ. ಆ ಕಂಪನಿಯ ನೌಕರರ ಪಟ್ಟಿಯಲ್ಲಿ ಇವರ ಹೆಸರಿರುವುದಿಲ್ಲ.

ಇಡೀ ದೇಶದ ಗಣತಿಯು ಇನ್ನೊಂದು ಮಹತ್ತ್ವದ ಪರಿವರ್ತನೆಯನ್ನು ತೋರಿಸುತ್ತದೆ. 1951ರಲ್ಲಿ ಸಾಗುವಳಿದಾರರು ಸುಮಾರು 7 ಕೋಟಿ, ಕೃಷಿಕೂಲಿಗಳು 2.73 ಕೋಟಿ. 2011ರಲ್ಲಿ ಸಾಗುವಳಿದಾರರು 11.88 ಕೋಟಿ, ಕೂಲಿಗಳು 14.43 ಕೋಟಿ. ಹಿಂದೆ ಭೂಮಿಯೇ ನೇರವಾಗಿ ಕೆಲಸ ಕೊಡುತ್ತಿದ್ದ ಬಹುಜನರಿಗೆ ಈಗ ಭೂಮಿಗೂ ತಮಗೂ ನಡುವೆ ಧಣಿಯೊಬ್ಬನಿದ್ದಾನೆ. ಮಳೆ ತಪ್ಪಿದ ವರ್ಷ ಭೂಮಿ ಉಳ್ಳವನಿಗೆ ಹೊಲವಾದರೂ ಉಳಿಯುತ್ತದೆ. ಕೂಲಿಗೆ ಏನೂ ಉಳಿಯುವುದಿಲ್ಲ.

ಈ ಹಿನ್ನೆಲೆಯಲ್ಲಿಯೇ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯನ್ನು ಕಾಣಬೇಕು. 2008ರ ಏಪ್ರಿಲ್ 1ರಿಂದ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ವ್ಯಾಪಿಸಿದ ಅದು ವರ್ಷಕ್ಕೆ ಕುಟುಂಬವೊಂದಕ್ಕೆ 100 ದಿನಗಳ ಕೆಲಸವನ್ನು ಕೇಳುವ ಹಕ್ಕನ್ನು ನೀಡಿತು. 15 ದಿನಗಳೊಳಗೆ ಕೆಲಸ ದೊರೆಯದಿದ್ದರೆ ಭತ್ಯೆಯನ್ನು ವಿಧಿಸಿತು. ಕೆರೆಗಳ ಹೂಳೆತ್ತುವುದೂ ಅದರ ಕಾಮಗಾರಿಗಳಲ್ಲಿ ಒಂದಾಗಿತ್ತು. ಶಾಸನಗಳ ಕಾಲದ ಕೆಲಸವೇ ಮರಳಿ ಬಂದಿತು. ವ್ಯತ್ಯಾಸವೆಂದರೆ ಈ ಸಲ ಮಣ್ಣು ಹೊತ್ತವರ ಹೆಸರು ಹಾಜರಿಪಟ್ಟಿಯಲ್ಲಿ ದಾಖಲಾಯಿತು. 1877ರ ಕೂಲಿಯು ಸರಕಾರದ ಕೃಪೆಯಾಗಿತ್ತು, 2005ರದು ಕಾಯಿದೆಯ ಋಣವಾಯಿತು.

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಈ ಸೀಮೆಯಲ್ಲಿ ಎಲ್ಲ ಕಾಲಕ್ಕೂ ದೊಡ್ಡ ಉದ್ಯೋಗದಾತ ಎಂದರೆ ನೆಲ ಮತ್ತು ನೀರು. ಅರಸು, ದೇಗುಲ, ರೈಲ್ವೆ, ಕಂಪನಿ ಎಲ್ಲವೂ ಅದರ ಮುಂದೆ ಕಿರಿಯವು. ನೆಲವು ಕೈಬಿಟ್ಟಾಗ ಕೆಲಸ ಕೊಡುವ ಹೊಣೆ ಯಾರದೆಂಬುದೇ ಇಲ್ಲಿಯ ದುಡಿಮೆಯ ಇತಿಹಾಸದ ಮೂಲಪ್ರಶ್ನೆ. ಆ ಇತಿಹಾಸವನ್ನು ಬರೆಯಹೊರಡುವ ವಿದ್ಯಾರ್ಥಿಗಳು ಕೆಲಸ ಕೊಟ್ಟವರ ದಾಖಲೆಯೊಡನೆ ಕೆಲಸ ಮಾಡಿದವರ ದಾಖಲೆಯನ್ನೂ, ಅಂದರೆ ಹಾಜರಿಪಟ್ಟಿ, ಕೂಲಿಯ ಲೆಕ್ಕ, ಹಿರಿಯರ ಬಾಯಿಮಾತು ಇವುಗಳನ್ನೂ, ಸಂಗ್ರಹಿಸಬೇಕಾದುದು ಅವಶ್ಯವಾಗಿದೆ.