ಅಳತೆಗೋಲು ಯಾರ ಕೈಯಲ್ಲಿ?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಲೆಕ್ಕದ ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ, ‘ನಿಮ್ಮೋರ ತಲೆಗೆ ಇದೆಲ್ಲ ಹತ್ತಲ್ಲ ಬಿಡೋ’ ಅಂದಿದ್ದರು. ಬೈಗುಳದ ದನಿಯಲ್ಲಲ್ಲ, ಕನಿಕರದಲ್ಲಿ. ಸಂಜೆ ಅವ್ವನಿಗೆ ಹೇಳಿದೆ. ಅವ್ವ ಒಲೆ ಊದುತ್ತಾ, ‘ಎಂಟು ದಿನದ ಕೂಲೀಲಿ ಅರ್ಧ ದಿನದ್ದು ಮುರ್ಕೊಂಡ್ರೂ ನಂಗೆ ಗೊತ್ತಾಯ್ತದೆ. ಅದು ಲೆಕ್ಕ ಅಲ್ವೇನ್ಲಾ?’ ಅಂದಳು. ಮುಂದೆ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡುವಾಗ ಮೇಷ್ಟ್ರ ಮಾತೇ ಅಂಕಿಅಂಶಗಳ ಅಂಗಿ ತೊಟ್ಟು ಪುಸ್ತಕಗಳಲ್ಲಿ ಎದುರಾಯಿತು. ಅವ್ವನ ಪ್ರಶ್ನೆಯನ್ನು ಅಲ್ಲಿ ಯಾರಾದರೂ ಕೇಳಿದ್ದಾರೆಯೇ ಎಂದು ಹುಡುಕಿದ್ದರ ಫಲ ಈ ಬರಹ.

ಪಠ್ಯಪುಸ್ತಕಗಳ ಪ್ರಕಾರ ಆಧುನಿಕ ಮನಶ್ಶಾಸ್ತ್ರದ ಚರಿತ್ರೆ 1879ರಲ್ಲಿ ಲೈಪ್‌ಜಿಗ್‌ನ ವುಂಟ್ ಪ್ರಯೋಗಾಲಯದಿಂದ ಶುರುವಾಗುತ್ತದೆ. ಆಮೇಲೆ ರಚನಾವಾದ, ಕಾರ್ಯವಾದ, ಫ್ರಾಯ್ಡ್, ವಾಟ್ಸನ್ನರ ವರ್ತನವಾದ, ಗೆಸ್ಟಾಲ್ಟ್ ಹೀಗೆ ಪಂಥಗಳ ಸಾಲು. ಈ ಸಾಲಿನ ಬಗಲಲ್ಲೇ ಇನ್ನೊಂದು ವಂಶಾವಳಿ ಇದೆ: ಮನುಷ್ಯರನ್ನು ಅಳೆದು ಶ್ರೇಣಿ ಹಚ್ಚುವವರದು. ಪ್ರತಿಭೆ ವಂಶದಲ್ಲಿ ಹರಿದುಬರುತ್ತದೆಂದು ಗಾಲ್ಟನ್ 1869ರಲ್ಲೇ ಪುಸ್ತಕ ಬರೆದಿದ್ದರು. 1904ರಲ್ಲಿ ಸ್ಪಿಯರ್‌ಮನ್, ಎಲ್ಲ ಬೌದ್ಧಿಕ ಕೆಲಸಗಳ ಹಿಂದೆ ಒಂದೇ ಸಾಮಾನ್ಯ ಶಕ್ತಿ ಇದೆಯೆಂದರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಈ ಸ್ಪಿಯರ್‌ಮನ್ನರ ಬಳಿಯೇ ಕಲಿತವರು. ಅಂದರೆ ನಮ್ಮ ನೆಲಕ್ಕೆ ಈ ಶಾಸ್ತ್ರ ಅಳತೆಗೋಲಿನ ಜೊತೆಗೇ ಬಂತು.

ಅಳತೆಗೋಲಿಗೂ ಒಂದು ಚರಿತ್ರೆ ಇದೆ. 1905ರಲ್ಲಿ ಪ್ಯಾರಿಸ್ಸಿನ ಬಿನೆ ಮತ್ತು ಸಿಮೋನ್ ಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ನೆರವಾಗಲು. ಬುದ್ಧಿ ಹುಟ್ಟಿನಿಂದ ಬಂದ, ಬದಲಾಗದ ಗಂಟು ಎನ್ನುವುದನ್ನು ಬಿನೆ ಒಪ್ಪಿರಲಿಲ್ಲ. ಅದೇ ಪರೀಕ್ಷೆ ಅಮೆರಿಕಕ್ಕೆ ಹೋಗಿ ಗಾಡರ್ಡ್, ಟರ್ಮನ್ ಅವರ ಕೈಗೆ ಸಿಕ್ಕಿದ್ದೇ ತಡ, ಜನಾಂಗಗಳ ಮೇಲು ಕೀಳಿನ ಸಾಕ್ಷಿಯಾಯಿತು. ಮೊದಲ ಮಹಾಯುದ್ಧದಲ್ಲಿ 17 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಪರೀಕ್ಷಿಸಿ, ಕರಿಯರು ಹುಟ್ಟಿನಿಂದಲೇ ದಡ್ಡರೆಂದು ಸಾರಲಾಯಿತು.

1924ರಲ್ಲಿ ಹೊರೇಸ್ ಮ್ಯಾನ್ ಬಾಂಡ್ ಎಂಬ, ಇಪ್ಪತ್ತರ ಆಸುಪಾಸಿನ ಕರಿಯ ತರುಣ ಅದೇ ಅಂಕಿಗಳನ್ನು ಮತ್ತೆ ಓದಿದರು. ಉತ್ತರದ ಕೆಲವು ರಾಜ್ಯಗಳ ಕರಿಯರು ದಕ್ಷಿಣದ ಕೆಲವು ರಾಜ್ಯಗಳ ಬಿಳಿಯರಿಗಿಂತ ಹೆಚ್ಚು ಅಂಕ ಪಡೆದಿದ್ದರು! ಪರೀಕ್ಷೆ ಅಳೆದದ್ದು ರಕ್ತವನ್ನಲ್ಲ, ಶಾಲೆಯನ್ನು. ಬಾಂಡ್ ಹೊಸ ಪ್ರಯೋಗ ಮಾಡಲಿಲ್ಲ. ಯಜಮಾನರ ಪಠ್ಯವನ್ನೇ ಎದುರು ದಿಕ್ಕಿನಿಂದ ಓದಿದರು. ದಲಿತ ವಿಮರ್ಶೆ ಮಾಡಬೇಕಾದ ಕೆಲಸವೂ ಇದೇ ಅಲ್ಲವೆ?

ಬಿನೆಯ ಪರೀಕ್ಷೆ ಕನ್ನಡಕ್ಕೂ ಬಂತು. ವಿ.ವಿ. ಕಾಮತರು ಧಾರವಾಡದಲ್ಲಿ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಅದನ್ನು ಒಗ್ಗಿಸಿ, 1940ರಲ್ಲಿ ಪುಸ್ತಕ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ದಶಕಗಳ ಕಾಲ ಆಸ್ಪತ್ರೆ, ಶಾಲೆಗಳಲ್ಲಿ ಬಳಕೆಯಾಯಿತು. ಪರದೇಶದ ಪ್ರಶ್ನೆಗಳನ್ನು ಹಾಗೇ ಹೇರದೆ ದೇಶಭಾಷೆಗೆ ತಂದದ್ದು ದೊಡ್ಡ ಕೆಲಸವೇ. ಆದರೂ ಕೇಳಬೇಕಾಗುತ್ತದೆ: ಆ ಕಾಲದಲ್ಲಿ ಶಾಲೆಯ ಒಳಗೆ ಕೂತಿದ್ದವರು ಯಾರು, ಹೊರಗಿದ್ದವರು ಯಾರು? ಸರಾಸರಿ ಎನ್ನುವುದು ಯಾರ ಮನೆಯ ಕನ್ನಡದ ಸರಾಸರಿ?

ಶಾಸ್ತ್ರ ಬಿಡುಗಡೆಗೂ ಒದಗಿದೆ. ಮೇಮಿ ಮತ್ತು ಕೆನೆತ್ ಕ್ಲಾರ್ಕ್ ಎಂಬ ಕರಿಯ ದಂಪತಿ 253 ಕರಿಯ ಮಕ್ಕಳ ಮುಂದೆ ಬಿಳಿ ಮತ್ತು ಕಂದು ಗೊಂಬೆಗಳನ್ನಿಟ್ಟು, ಯಾವುದು ಚೆಂದ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯತ್ತ ಕೈ ಚಾಚಿದರು. ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದ 1954ರ ಸುಪ್ರೀಂ ಕೋರ್ಟ್ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕರ ಬರಹದ ಹೆಸರಿದೆ.

ನಮ್ಮಲ್ಲಿ? ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ 2004ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಪ್ರದೇಶದ ಹಳ್ಳಿಗಳದ್ದು. 321 ಮೇಲ್ಜಾತಿ, 321 ಕೆಳಜಾತಿ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿ ಗೊತ್ತಾಗದಿದ್ದಾಗ ಇಬ್ಬರದೂ ಸರಿಸಮ. ಎಲ್ಲರೆದುರು ಜಾತಿ ಹೇಳಿದಾಗ ಕೆಳಜಾತಿ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಪ್ರಯೋಗ ವಿಧಾನದ ಬಲ ಇದು: ಉಳಿದದ್ದನ್ನೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸುವುದು. ಒಗಟು ಅದೇ, ತಲೆ ಅಂಥದ್ದೇ, ಬದಲಾದದ್ದು ಘೋಷಣೆ. ಇದನ್ನು ಓದಿದ ದಿನ ನಮ್ಮ ಮೇಷ್ಟ್ರ ‘ನಿಮ್ಮೋರ’ ಎಂಬ ಪದ ನೆನಪಾಯಿತು.

1990ರ ಮಂಡಲ್ ಗಲಾಟೆಯಿಂದೀಚೆಗೆ ನಮ್ಮ ಮೇಲೆ ಎಸೆಯುತ್ತಿರುವ ಕಲ್ಲು ‘ಪ್ರತಿಭೆ’. ಕಾವ್ಯಮೀಮಾಂಸೆಯಿಂದ ಬಂದ ಈ ಪದ ಅಲ್ಲಿ ಒಂಟಿಯಾಗಿರಲಿಲ್ಲ. ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಕೂಡಿಯೇ ಕಾವ್ಯಕ್ಕೆ ಕಾರಣ ಎಂದವರು ಮಮ್ಮಟ. ಮೀಸಲಾತಿ ವಿರೋಧಿಗಳು ಮೊದಲನೆಯದನ್ನು ಇಟ್ಟುಕೊಂಡು ಉಳಿದೆರಡನ್ನು ಮರೆಸಿದರು. ಯಾಕೆಂದರೆ ನಿಪುಣತೆಗೆ ಪುಸ್ತಕ ಬೇಕು, ಅಭ್ಯಾಸಕ್ಕೆ ಬಿಡುವು ಬೇಕು. ಅವೆರಡನ್ನೂ ತಲೆಮಾರುಗಳಿಂದ ಕಸಿದವರು ಯಾರೆಂಬ ಪ್ರಶ್ನೆ ಆಗ ಏಳುತ್ತದೆ.

ಅಳತೆಗೋಲನ್ನು ಮುರಿದು ಬಿಸಾಕಿ ಎಂದು ನಾನು ಹೇಳುತ್ತಿಲ್ಲ. ಬಾಂಡ್, ಕ್ಲಾರ್ಕರ ಹಾಗೆ ಅದನ್ನು ನಾವೇ ಹಿಡಿಯಬೇಕು. ಈಗ ನಾನು ಪಾಠ ಮಾಡುವ ಕಡೆ ಪರೀಕ್ಷೆಯ ವಾರದಲ್ಲೇ ಯಾರೋ ಬಂದು, ‘ಸ್ಕಾಲರ್‌ಶಿಪ್ಪಿನ ಎಸ್ಸಿ ಎಸ್ಟಿ ಹುಡುಗ್ರು ಎದ್ದು ನಿಂತ್ಕಳಿ’ ಅನ್ನುತ್ತಿದ್ದರು. ಹೋದ ಸಲ ನಾನು ತಡೆದೆ. ಪಟ್ಟಿಯನ್ನು ನನ್ನ ಕೈಗೆ ಕೊಡಿ, ನಾನೇ ಒಬ್ಬೊಬ್ಬರಿಗೆ ಹೇಳುತ್ತೇನೆ ಅಂದೆ. ‘ಅದರಲ್ಲೇನಿದೆ ಸಾರ್?’ ಅಂದರು. ಅದರಲ್ಲೇನಿದೆ ಎಂದು ಅವರಿಗೆ ವಿವರಿಸಲು ಹೊರಟದ್ದೇ ಇಷ್ಟು ದೊಡ್ಡ ಬರಹವಾಯಿತು.