ಎದೆನೋವು: ಹೃದಯದ ಸ್ಕ್ಯಾನ್ ತಪ್ಪು ಹೇಳಿದಾಗ
ಹೃದಯದ ರಕ್ತನಾಳದಲ್ಲಿ ಅಡಚಣೆ ಇಲ್ಲದಿದ್ದರೂ ಇದೆಯೆಂದು ಪರೀಕ್ಷೆ ಸೂಚಿಸುವುದೇ ‘ಫಾಲ್ಸ್ ಪಾಸಿಟಿವ್’. ಥಾಲಿಯಂ ಸ್ಕ್ಯಾನ್‌ನಲ್ಲಿ ಸ್ತನ ಅಥವಾ ವಪೆಯ ನೆರಳು ರಕ್ತದ ಕೊರತೆಯಂತೆ ಕಾಣಬಹುದು. ಸಿ.ಟಿ. ಆಂಜಿಯೋಗ್ರಾಂನಲ್ಲಿ ಕ್ಯಾಲ್ಸಿಯಂ ಶೇಖರಣೆಯಿಂದ ನಾಳವು ಇರುವುದಕ್ಕಿಂತ ಕಿರಿದಾಗಿ ತೋರಬಹುದು.

ರಾಜಾಜಿನಗರದಿಂದ ಕೆಂಗೇರಿವರೆಗಿನ ಬಡಾವಣೆಗಳ 100 ಎದೆನೋವಿನ ರೋಗಿಗಳಲ್ಲಿ 5 ಮಂದಿಗೆ ಮಾತ್ರ ಅಡಚಣೆ ಇದೆಯೆಂದು ಭಾವಿಸೋಣ. ರೋಗ ಇರುವವರನ್ನೂ ಇಲ್ಲದವರನ್ನೂ ಶೇ 80ರಷ್ಟು ಸರಿಯಾಗಿ ಗುರುತಿಸುವ ಪರೀಕ್ಷೆಯು 4 ರೋಗಿಗಳ ಜತೆಗೆ 19 ನಿರೋಗಿಗಳನ್ನೂ ‘ಪಾಸಿಟಿವ್’ ಎನ್ನುತ್ತದೆ. ಇವರಿಗೆ ಅನಗತ್ಯ ಕ್ಯಾತಿಟರ್ ಆಂಜಿಯೋಗ್ರಾಂ, ಖರ್ಚು, ಆತಂಕ ತಪ್ಪಿದ್ದಲ್ಲ. ಆದ್ದರಿಂದ ವಯಸ್ಸು, ಮಧುಮೇಹ, ಧೂಮಪಾನ, ನೋವಿನ ಸ್ವರೂಪವನ್ನು ಪರಿಗಣಿಸಿಯೇ ಪರೀಕ್ಷೆ ನಿರ್ಧರಿಸುವುದು ಸೂಕ್ತ.

ಆದರೆ ಹಠಾತ್ ಎದೆನೋವಿನೊಂದಿಗೆ ಬೆವರು, ಉಸಿರಾಟದ ತೊಂದರೆ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.