ಪದ ಪರಿಚಯ: ಹರಕೆ

ಬಯಸು–ಬಯಕೆ ಇದ್ದಂತೆ ಹರಸು–ಹರಕೆ. ಹಳಗನ್ನಡದ ರೂಪ 'ಪರಕೆ'. ಪಕಾರ ಹಕಾರವಾಗಿ ಇಂದಿನ ರೂಪ ಬಂತು. ಮೂಲಾರ್ಥ ಆಶೀರ್ವಾದ. 'ಹಿರಿಯರ ಹರಕೆ' ಎನ್ನುವಾಗ ಉಳಿದಿರುವುದು ಅದೇ. ದೇವರಿಗೆ ಕೊಟ್ಟ ಮಾತು ಎಂಬ ಅರ್ಥ ಈಗ ಹೆಚ್ಚು ಬಳಕೆಯಲ್ಲಿದೆ: ಹರಕೆ ಹೊರುತ್ತೇವೆ, ಕಟ್ಟಿಕೊಳ್ಳುತ್ತೇವೆ, ತೀರಿಸುತ್ತೇವೆ. ಭಕ್ತ ಕೊಡುವುದಕ್ಕೂ ದೇವರು ಕೊಡುವುದಕ್ಕೂ ಒಂದೇ ಪದ!

ಚಿತ್ರದುರ್ಗದ ಜೋಗಿಮಟ್ಟಿ ಸೀಮೆಯವರು ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಹರಿಹರದ ಆರೋಗ್ಯಮಾತೆ ಚರ್ಚಿನಲ್ಲಿ, ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವವರು ಮೇಣದ ಬತ್ತಿ ಹಚ್ಚುತ್ತಾರೆ. ಅಲ್ಲಿಗೆ ಬರುವವರೆಲ್ಲ ಕ್ರೈಸ್ತರೇ ಅಲ್ಲ. ಆದರೂ ಎಲ್ಲರ ಬಾಯಲ್ಲೂ ಹರಕೆಯೇ.

ಕನ್ನಡ ಬೈಬಲಿಗೂ ಈ ಪದ ಒಗ್ಗಿದೆ. ಮಕ್ಕಳಿಲ್ಲದ ಹನ್ನಳು ಗಂಡುಮಗು ಹುಟ್ಟಿದರೆ ದೇವರ ಸೇವೆಗೇ ಬಿಡುವೆನೆಂದು ಹರಕೆ ಹೊತ್ತಳು. ಸಮುವೇಲ ಹುಟ್ಟಿದ; ಮೊಲೆ ಬಿಡಿಸಿದ ಮೇಲೆ ಅವನನ್ನು ಶಿಲೋವಿನ ಮಂದಿರಕ್ಕೆ ಒಪ್ಪಿಸಿದಳು. ಇದು ಕೊಟ್ಟು ಪಡೆಯುವ ಲೆಕ್ಕದಂತೆ ಕಾಣಬಹುದು; ತನ್ನನ್ನು ಅರಸುವವರಿಗೆ ದೇವರು ಪ್ರತಿಫಲ ಕೊಡುತ್ತಾನೆಂದು ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಹೇಳುತ್ತದೆ. ಆದರೆ ಕ್ರೈಸ್ತ ಬೋಧನೆಯಲ್ಲಿ ಆ ಫಲ ದುಡಿಮೆಗೆ ಸಲ್ಲುವ ಕೂಲಿಯಲ್ಲ, ಕೃಪೆ. ಕೇಳಿದ್ದು ಕೈಗೂಡದಿದ್ದರೂ ನಂಬಿಕೆ ನಿಲ್ಲಬೇಕು.

ಅಂದಮೇಲೆ ಹರಕೆಯನ್ನು ದೇವರೊಡನೆ ಕುದುರಿಸುವ ವ್ಯಾಪಾರ ಎನ್ನುವುದು ಸಲ್ಲದು. ಪದದ ಬೇರಿನಲ್ಲಿರುವುದು ಹರಸುವಿಕೆಯೇ.